ಗ್ಯಾಸ್ ಗೀಸರು ತೊಂದರೆ ಕೊಟ್ಟಾಗ

ನಮ್ಮ ಮನೆಗಳ ಬಚ್ಚಲುಗಳಲ್ಲಿ ತಾಮ್ರದ ಹಂಡೆಯನ್ನು ಒಲೆಯ ಮೇಲೆ ಹೂತು, ಅದರಡಿಯಲ್ಲಿ ಸೌದೆಯನ್ನೋ ತೆಂಗಿನ ಮಟ್ಟೆಯನ್ನೋ ಉರಿಸಿ ನೀರು ಕಾಯಿಸುತ್ತಿದ್ದ ಕಾಲದಲ್ಲಿ, ಒಲೆಯಿಂದೇಳುವ ಹೊಗೆ ಕಣ್ಣನ್ನು ಉರಿಸುತ್ತಿದ್ದುದರಿಂದ, ಮನೆ ಕಟ್ಟುವವರು ಯಾರ ಉಪದೇಶಕ್ಕೂ ಕಾಯದೆ ಬಚ್ಚಲಿಗೊಂದು ಹೊಗೆಗಂಡಿಯನ್ನೂ ಬೆಳಕಿಂಡಿಯನ್ನೂ ಇರಿಸುತ್ತಿದ್ದರು. ಈಗ ಅನೇಕ ಮನೆಗಳಲ್ಲಿ ಆ ಒಲೆಯ ಸ್ಥಾನಕ್ಕೆ ಗೋಡೆಗೆ ತೂಗುಹಾಕುವ ಗ್ಯಾಸ್ ಗೀಸರು ಬಂದಿದೆ. ಅದರ ಜ್ವಾಲೆ ನೀಲಿಯಾದುದು, ಅದಕ್ಕೆ ಹೊಗೆಯಿಲ್ಲ, ಬೂದಿಯಿಲ್ಲ, ನಲ್ಲಿ ತಿರುಗಿಸಿದೊಡನೆ ಬಿಸಿನೀರು ಬರುತ್ತದೆ. ಹೊಗೆ ಕಾಣದ ಕಾರಣ ಹೊಗೆಗಂಡಿಯೂ ಅನಾವಶ್ಯಕವೆಂಬ ಭಾವನೆ ಜನರಲ್ಲಿ ತಾನಾಗಿಯೇ ಬೇರೂರಿದೆ. ಈ ಯಂತ್ರದಿಂದ ಸಂಭವಿಸುವ ಅನರ್ಥಗಳಲ್ಲಿ ಅತ್ಯಂತ ದಾರುಣವಾದವು ಈ ಒಂದು ಭಾವನೆಯಿಂದಲೇ ಹುಟ್ಟುತ್ತವೆ.

ನೀರು, ಕಿಡಿ, ಅನಿಲ, ಗಾಳಿ ಎಂಬ ನಾಲ್ಕು ಸರಿಯಾಗಿ ಕೂಡಿಬಂದಾಗ ಮಾತ್ರ ಗೀಸರು ತನ್ನ ಕೆಲಸವನ್ನು ನಿರಪಾಯವಾಗಿ ಮಾಡುತ್ತದೆ. ಮೊದಲ ಮೂರರಲ್ಲಿ ಯಾವುದೊಂದು ತಪ್ಪಿದರೂ ಯಂತ್ರವು ಹೊತ್ತಿಕೊಳ್ಳದೆ ನಿಂತು ಆ ಕೊರತೆಯನ್ನು ತಾನೇ ಸಾರುತ್ತದೆ. ನಾಲ್ಕನೆಯದು ತಪ್ಪಿದಾಗ ಯಂತ್ರವು ಎಂದಿನಂತೆಯೇ ಉರಿಯುತ್ತಿರುತ್ತದೆ, ಬಿಸಿನೀರೂ ಎಂದಿನಂತೆಯೇ ಬರುತ್ತಿರುತ್ತದೆ. ಆ ಕೊರತೆ ಮೊದಲು ಪ್ರಕಟವಾಗುವುದು ಸ್ನಾನಕ್ಕೆ ನಿಂತವರ ದೇಹದಲ್ಲಿ. ಗೀಸರಿನ ತೊಂದರೆಗಳನ್ನು ಪರಿಶೀಲಿಸುವಾಗ ಈ ಭೇದವನ್ನು ಗೃಹಸ್ಥರು ಒಂದು ಕ್ಷಣವೂ ಮರೆಯತಕ್ಕದ್ದಲ್ಲ.

ಯಂತ್ರದೊಳಗಿನ ಕ್ರಮ

ದೋಷವನ್ನು ಹುಡುಕಬೇಕಾದರೆ ಯಂತ್ರವು ನಡೆಯುವ ಕ್ರಮವನ್ನು ಸ್ಥೂಲವಾಗಿಯಾದರೂ ಅರಿತಿರಬೇಕು. ಬಿಸಿನೀರಿನ ನಲ್ಲಿಯನ್ನು ತೆರೆದಾಗ ಗೀಸರಿನೊಳಕ್ಕೆ ಹರಿಯುವ ನೀರು ಡಯಾಫ್ರಾಮ್ ಎಂಬ ರಬ್ಬರಿನ ತೆಳುಪೊರೆಯನ್ನು ಒತ್ತುತ್ತದೆ. ಆ ಒತ್ತಡಕ್ಕೆ ಪುಟ್ಟ ಸ್ವಿಚ್ಚೊಂದು ಕೂಡಿಕೊಂಡು, ಪೆಟ್ಟಿಗೆಯ ತಳಭಾಗದಲ್ಲಿ ಕೂರಿಸಿದ ಎರಡು ದಪ್ಪ ಸೆಲ್ಲುಗಳ ವಿದ್ಯುತ್ತು ಒಂದು ಕಡೆ ಟಕಟಕನೆ ಕಿಡಿಯನ್ನು ಹಾರಿಸಿ, ಮತ್ತೊಂದು ಕಡೆ ಅನಿಲದ ಕವಾಟವನ್ನು ತೆರೆಯುತ್ತದೆ. ಬರ್ನರ್ ಹೊತ್ತಿಕೊಂಡಮೇಲೆ, ಜ್ವಾಲೆಯೊಳಕ್ಕೆ ಚಾಚಿಕೊಂಡಿರುವ ಲೋಹದ ಕಡ್ಡಿಯೊಂದು ಉರಿ ಇದೆಯೋ ಇಲ್ಲವೋ ಎಂಬುದನ್ನು ಸತತವಾಗಿ ಗಮನಿಸುತ್ತದೆ. ಉರಿ ಆರಿದರೆ ಕವಾಟ ಮುಚ್ಚಿಹೋಗುತ್ತದೆ. ನಲ್ಲಿಯನ್ನು ನಿಲ್ಲಿಸಿದಾಗ ಪೊರೆ ಹಿಂದಕ್ಕೆ ಸರಿದು ಅನಿಲವೂ ನಿಲ್ಲುತ್ತದೆ.

ಇದರಲ್ಲಿ ಮನೆಯವರು ಮುಟ್ಟಬಹುದಾದ ಭಾಗಗಳು ಕೆಲವೇ: ಸೆಲ್ಲುಗಳು, ನೀರು ಒಳಬರುವಲ್ಲಿರುವ ಜಾಲರಿ, ಸಿಲಿಂಡರಿನ ರೆಗ್ಯುಲೇಟರ್, ಮತ್ತು ಹೊರಗಿನಿಂದ ಕಾಣುವ ಕೊಳವೆಗಳ ಜೋಡಣೆ. ಮುಚ್ಚಳವನ್ನು ಬಿಚ್ಚಿ ಬರ್ನರಿನಲ್ಲೋ ಕವಾಟದಲ್ಲೋ ಕೈಯಾಡಿಸುವುದು ಅದರಲ್ಲಿ ಪರಿಣತಿ ಪಡೆದ ಮೆಕ್ಯಾನಿಕ್ಕಿನ ಕೆಲಸ. ಏನನ್ನು ಬಿಚ್ಚುವುದಕ್ಕೂ ಮುಂಚೆ ರೆಗ್ಯುಲೇಟರನ್ನು ಮುಚ್ಚಿ, ಕಿಟಕಿ ಬಾಗಿಲುಗಳನ್ನು ತೆರೆದಿಟ್ಟುಕೊಳ್ಳಬೇಕು.

ಗೀಸರು ಹೊತ್ತಿಕೊಳ್ಳದಿದ್ದರೆ

ನಲ್ಲಿ ತಿರುಗಿಸಿದಾಗ ಟಕಟಕ ಶಬ್ದ ಕೇಳಿಸುತ್ತದೆಯೇ ಎಂಬುದನ್ನು ಮೊದಲು ಗಮನಿಸಬೇಕು. ಶಬ್ದವೇ ಇಲ್ಲವಾದರೆ ದೋಷವಿರುವುದು ಪ್ರಾಯಶಃ ಸೆಲ್ಲುಗಳಲ್ಲಿ ಅಥವಾ ನೀರಿನ ಒತ್ತಡದಲ್ಲಿ. ಬಚ್ಚಲಿನ ಹಬೆಗೆ ಸೆಲ್ಲುಗಳ ತುದಿಯಲ್ಲಿ ಬಿಳಿಯ ಪುಡಿ ಕೂಡುವುದುಂಟು. ಎರಡನ್ನೂ ಒಟ್ಟಿಗೆ ಬದಲಾಯಿಸಬೇಕೇ ಹೊರತು ಹಳೆಯದೊಂದರ ಜೊತೆಗೆ ಹೊಸದೊಂದನ್ನು ಹಾಕಬಾರದು. ಧನ, ಋಣ ತುದಿಗಳ ಗುರುತನ್ನು ನೋಡಿ ಕೂರಿಸಿ, ಕೂರುವ ಜಾಗದ ಲೋಹವನ್ನು ಒಣಬಟ್ಟೆಯಿಂದ ಒರೆಸಬೇಕು.

ಸೆಲ್ಲುಗಳು ಹೊಸವಾಗಿದ್ದೂ ಶಬ್ದ ಬಾರದಿದ್ದರೆ ನೀರಿನ ಕಡೆಗೆ ಗಮನ ಹರಿಸಬೇಕು. ಮೇಲಿನ ಟ್ಯಾಂಕು ಗೀಸರಿಗಿಂತ ಹತ್ತು ಮೀಟರು ಎತ್ತರದಲ್ಲಿದ್ದರೆ ನೀರಿಗೆ ದೊರೆಯುವ ಒತ್ತಡ ಒಂದು ವಾಯುಭಾರದಷ್ಟು. ಒಂದೇ ಮೀಟರು ಎತ್ತರದಲ್ಲಿದ್ದರೆ ಅದರ ಹತ್ತರಲ್ಲೊಂದು ಪಾಲು ಮಾತ್ರ. ಸಾಮಾನ್ಯ ಗೀಸರಿನ ಪೊರೆ ಸರಿಯಬೇಕಾದರೆ ಎರಡು ಎರಡೂವರೆ ಮೀಟರಿನ ಎತ್ತರವಾದರೂ ಬೇಕಾಗುವುದರಿಂದ, ತಾರಸಿಯ ಮೇಲೆ ಟ್ಯಾಂಕನ್ನು ನೆಲಕ್ಕೇ ಇಟ್ಟಿರುವ ಮನೆಗಳ ಮೇಲಂತಸ್ತಿನಲ್ಲಿ ಗೀಸರು ಮೊಂಡುಹಿಡಿಯುವುದು ಸಹಜವೇ ಆಗಿದೆ. ಟ್ಯಾಂಕಿನ ಎತ್ತರ ಸಾಕಷ್ಟಿದ್ದೂ ನಿನ್ನೆಯವರೆಗೆ ಹೊತ್ತಿಕೊಳ್ಳುತ್ತಿದ್ದುದು ಇಂದು ಹೊತ್ತಿಕೊಳ್ಳದಿದ್ದರೆ ಜಾಲರಿಯನ್ನು ಪರೀಕ್ಷಿಸಬೇಕು. ನೀರಿನ ನಲ್ಲಿಯನ್ನು ಮುಚ್ಚಿ, ಒಳಬರುವ ಕೊಳವೆಯ ನಟ್ಟನ್ನು ಸ್ಪ್ಯಾನರಿನಿಂದ ಸಡಿಲಿಸಿದರೆ, ಬೆರಳ ತುದಿಯಷ್ಟು ಅಗಲದ ಜಾಲರಿ ಕಾಣುತ್ತದೆ; ಬೋರ್‌ವೆಲ್ ನೀರು ಬರುವ ಮನೆಗಳಲ್ಲಿ ಅದರ ಮೇಲೆ ಕೆಂಪು ಮರಳಿನ ಕಣಗಳೂ, ಟ್ಯಾಂಕಿನ ಪಾಚಿಯ ಎಳೆಗಳೂ, ಕೊಳವೆ ಕೂಡಿಸುವಾಗ ಸುತ್ತಿದ ಬಿಳಿಯ ಟೇಪಿನ ಚೂರುಗಳೂ ದಟ್ಟವಾಗಿ ಅಂಟಿಕೊಂಡಿರುತ್ತವೆ. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ ತೊಳೆದು, ವಾಷರನ್ನು ಮರಳಿ ಅದರ ಸ್ಥಾನದಲ್ಲಿಟ್ಟು ಬಿಗಿದರೆ, ಮೆಕ್ಯಾನಿಕ್ಕಿಗೆ ಹೇಳಿಕಳುಹಿಸುವ ಪ್ರಮೇಯವೇ ಅನೇಕ ವೇಳೆ ಬರುವುದಿಲ್ಲ.

ಕಿಡಿಯ ಶಬ್ದ ಕೇಳಿಬಂದರೂ ಉರಿ ಹತ್ತದಿದ್ದರೆ ದೋಷವು ಅನಿಲದ ಕಡೆಗಿರುತ್ತದೆ. ಸಿಲಿಂಡರ್ ಖಾಲಿಯಾಗಿರಬಹುದು, ರೆಗ್ಯುಲೇಟರ್ ಸರಿಯಾಗಿ ಕೂತಿರದೆ ಇರಬಹುದು, ಹೊಸ ಸಿಲಿಂಡರ್ ಹಾಕಿದಾಗ ಕೊಳವೆಯೊಳಗೆ ಗಾಳಿ ಸೇರಿರಬಹುದು. ಈ ಕೊನೆಯ ಸಂದರ್ಭದಲ್ಲಿ ಎರಡು ಮೂರು ಸಲ ನಲ್ಲಿಯನ್ನು ತೆರೆದು ಮುಚ್ಚಿದರೆ ಗಾಳಿ ಹೊರಹೋಗಿ ಉರಿ ಹತ್ತುತ್ತದೆ. ಅಷ್ಟಕ್ಕೂ ಹತ್ತದಿದ್ದರೆ ಬಿಡದೆ ಪ್ರಯತ್ನಿಸುವ ಹಟ ಬೇಡ; ಹೊತ್ತಿಕೊಳ್ಳದೆ ಹೊರಬಂದ ಅನಿಲವು ಪೆಟ್ಟಿಗೆಯೊಳಗೆ ಶೇಖರವಾಗಿ, ತಡವಾಗಿ ಹಾರಿದ ಕಿಡಿಗೆ ಒಮ್ಮೆಗೇ ಭುಗಿಲೆಂದು ಮುಖಕ್ಕೆ ಹೊಡೆಯುವ ಅಪಾಯವಿದೆ. ಪ್ರತಿದಿನ ಹೊತ್ತುವಾಗಲೂ ಹೀಗೆ ಧಡ್ ಎಂಬ ಸದ್ದು ಬರುತ್ತಿದ್ದರೆ ದುರಸ್ತಿಯಾಗುವ ತನಕ ಅದನ್ನು ಉಪಯೋಗಿಸಲಾಗದು.

ಕೊಡಗು, ಚಿಕ್ಕಮಗಳೂರುಗಳಂತಹ ಪ್ರದೇಶಗಳಲ್ಲಿ ಚಳಿಗಾಲದ ನಸುಕಿನಲ್ಲಿ ಉರಿ ಕ್ಷೀಣವಾಗುವುದಕ್ಕೆ ಬೇರೊಂದು ಕಾರಣವುಂಟು. ಸಿಲಿಂಡರಿನಲ್ಲಿರುವುದು ಪ್ರೊಪೇನ್, ಬ್ಯೂಟೇನ್‌ಗಳ ದ್ರವಮಿಶ್ರಣ. ಅದರಲ್ಲಿ ಬ್ಯೂಟೇನ್ ಸುಮಾರು ಸೊನ್ನೆ ಡಿಗ್ರಿಯಲ್ಲಿ ಕುದಿಯುವುದರಿಂದ, ಚಳಿ ಹೆಚ್ಚಿದಂತೆಲ್ಲಾ ದ್ರವವು ಅನಿಲವಾಗುವುದು ನಿಧಾನವಾಗುತ್ತದೆ, ಸಿಲಿಂಡರ್ ತಳ ಕಂಡಿದ್ದರಂತೂ ಇನ್ನಷ್ಟು ನಿಧಾನ. ಆಗ ಸಿಲಿಂಡರನ್ನು ಅಡ್ಡ ಮಲಗಿಸುವುದು, ಕುದಿಯುವ ನೀರಿನಲ್ಲಿ ನಿಲ್ಲಿಸುವುದು ಸರ್ವಥಾ ಸಲ್ಲದು. ಮಲಗಿಸಿದ ಸಿಲಿಂಡರಿನಿಂದ ದ್ರವವೇ ಹರಿದು ರೆಗ್ಯುಲೇಟರಿನ ಹಿಡಿತ ತಪ್ಪುತ್ತದೆ. ಬಿಸಿಲೇರುವ ತನಕ ತಾಳುವುದೇ ಕ್ಷೇಮ.

ಹೊತ್ತಿಕೊಂಡು ಆರಿಹೋದರೆ

ಉರಿ ಹತ್ತಿ ಕೆಲವೇ ಕ್ಷಣಗಳಲ್ಲಿ ಆರುವುದಾದರೆ ಸೆಲ್ಲುಗಳು ನಿಶ್ಶಕ್ತವಾಗಿರಬಹುದು, ಜ್ವಾಲೆಯನ್ನು ಗಮನಿಸುವ ಕಡ್ಡಿಯ ಮೇಲೆ ಮಸಿ ಕಟ್ಟಿರಬಹುದು, ಅಥವಾ ನೀರು ಅತಿಯಾಗಿ ಕಾದು ರಕ್ಷಣಾ ಸಾಧನ ಕೆಲಸ ಮಾಡಿರಬಹುದು. ಇಪ್ಪತ್ತು ನಿಮಿಷದ ತರುವಾಯ ತಾನಾಗಿ ಆರುವಂತೆ ಅನೇಕ ಗೀಸರುಗಳಲ್ಲಿ ಕಾಲದ ಕಟ್ಟೂ ಇರುತ್ತದೆ. ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಪದೇ ಪದೇ ಆರುವ ಗೀಸರಿನಿಂದ ಬೇಸತ್ತ ಮನೆಯವರು ಒತ್ತಾಯಿಸಿದಾಗ, ಆ ರಕ್ಷಣಾ ಸಾಧನದ ಎರಡು ತಂತಿಗಳನ್ನು ನೇರವಾಗಿ ಕೂಡಿಸಿ, ಇನ್ನು ಆರುವುದಿಲ್ಲವೆಂದು ಭರವಸೆ ಕೊಟ್ಟುಹೋಗುವ ರಿಪೇರಿಯವರೂ ಇದ್ದಾರೆ. ಆರುವ ಗೀಸರು ಕೆಟ್ಟ ಗೀಸರೆಂದು ತಿಳಿಯಬಾರದು. ಅದು ಯಾವುದೋ ಅಪಾಯವನ್ನು ಕಂಡು ಹಿಂಜರಿಯುತ್ತಿದೆ. ಆ ಹಿಂಜರಿಕೆಗೆ ಕಾರಣವನ್ನು ಹುಡುಕಿಸಬೇಕಲ್ಲದೆ ಅದನ್ನೇ ನಿರ್ಮೂಲಗೊಳಿಸಿಕೊಳ್ಳಬಾರದು.

ಇದಕ್ಕೆ ವಿರುದ್ಧವಾಗಿ, ನಲ್ಲಿಯನ್ನು ಮುಚ್ಚಿದಮೇಲೂ ಉರಿ ಆರದಿದ್ದರೆ ಅದು ತುರ್ತಿನ ಸಂಗತಿ. ಪೊರೆಯಾಗಲಿ ಅದರ ಕಡ್ಡಿಯಾಗಲಿ ಸಿಕ್ಕಿಕೊಂಡು ಹಿಂದಕ್ಕೆ ಸರಿಯದೆ, ನೀರು ಹರಿಯದ ಕೊಳವೆಯಡಿಯಲ್ಲಿ ಬೆಂಕಿ ಉರಿಯುತ್ತಿರುತ್ತದೆ. ಕೂಡಲೇ ರೆಗ್ಯುಲೇಟರನ್ನು ಮುಚ್ಚಬೇಕು. ದುರಸ್ತಿಯಾಗದೆ ಅದನ್ನು ಮತ್ತೆ ಹಚ್ಚಬಾರದು.

ನೀರು ಸಾಲದಷ್ಟು ಕಾದರೆ, ಅತಿಯಾಗಿ ಕಾದರೆ

ನಿಮಿಷಕ್ಕೆ ಆರು ಲೀಟರಿನ ಗೀಸರು ಆರು ಲೀಟರು ನೀರಿನ ಉಷ್ಣತೆಯನ್ನು ಸುಮಾರು 25 ಡಿಗ್ರಿಯಷ್ಟು ಏರಿಸಬಲ್ಲುದು. ಎರಡು ನಲ್ಲಿಗಳನ್ನು ಒಟ್ಟಿಗೆ ತೆರೆದರೆ ಅದೇ ಶಾಖ ಹೆಚ್ಚು ನೀರಿಗೆ ಹಂಚಿಹೋಗಿ ನೀರು ಉಗುರುಬೆಚ್ಚಗಾಗುವುದರಲ್ಲಿ ಆಶ್ಚರ್ಯವಿಲ್ಲ. ನೀರಿನ ತಿರುಪನ್ನು ತಗ್ಗಿಸಿದರೆ ಬಿಸಿ ಏರುತ್ತದೆ. ಆದರೆ ವರ್ಷದಿಂದ ವರ್ಷಕ್ಕೆ ಬಿಸಿ ಇಳಿಯುತ್ತಾ, ಧಾರೆ ಸಣ್ಣಗಾಗುತ್ತಾ ಬಂದರೆ, ಗಡಸುನೀರಿನಲ್ಲಿ ಕರಗಿದ ಸುಣ್ಣದ ಅಂಶವು ಕಾಯಿಸಿದಾಗ ಬೇರ್ಪಟ್ಟು ತಾಮ್ರದ ಕೊಳವೆಯ ಒಳಮೈಗೆ ಪದರವಾಗಿ ಕಟ್ಟಿದೆಯೆಂದು ತಿಳಿಯಬೇಕು. ಬೋರ್‌ವೆಲ್ ನೀರನ್ನೇ ನೆಚ್ಚಿಕೊಂಡ ಬೆಂಗಳೂರಿನ ಬಡಾವಣೆಗಳಲ್ಲಿಯೂ ಬಯಲುಸೀಮೆಯ ಊರುಗಳಲ್ಲಿಯೂ ಇದು ನಿತ್ಯದ ತೊಂದರೆ. ಸಿಟ್ರಿಕ್ ಆಮ್ಲದ ದ್ರಾವಣವನ್ನು ಕೊಳವೆಯಲ್ಲಿ ಹರಿಸಿ ಮೆಕ್ಯಾನಿಕ್ಕು ಆ ಪದರವನ್ನು ಕರಗಿಸಬಲ್ಲನು.

ಅತಿ ಬಿಸಿ ಇನ್ನೂ ಅಪಾಯಕರವಾದುದು. 60 ಡಿಗ್ರಿಯ ನೀರು ಐದಾರು ಸೆಕೆಂಡುಗಳಲ್ಲಿ ಚರ್ಮವನ್ನು ಆಳವಾಗಿ ಸುಡಬಲ್ಲುದು. ಮಕ್ಕಳ ಮತ್ತು ವೃದ್ಧರ ಚರ್ಮಕ್ಕೆ ಅಷ್ಟು ಕಾಲವೂ ಬೇಡ. ನಡುವೆ ಸೋಪು ಹಚ್ಚಿಕೊಳ್ಳಲೆಂದು ನಲ್ಲಿ ನಿಲ್ಲಿಸಿ ಮರಳಿ ತೆರೆದಾಗ, ಕೊಳವೆಯಲ್ಲಿ ನಿಂತಿದ್ದ ನೀರು ಉಳಿದ ಶಾಖದಿಂದ ಮತ್ತಷ್ಟು ಕಾದು ಮೊದಲ ಧಾರೆಯಲ್ಲಿ ಬರುತ್ತದೆಯಾದ್ದರಿಂದ, ಆ ಧಾರೆಗೆ ನೇರವಾಗಿ ಮೈಯೊಡ್ಡಬಾರದು. ಬಕೆಟ್ಟಿಗೆ ಮೊದಲು ತಣ್ಣೀರು, ಅನಂತರ ಬಿಸಿನೀರು ಎಂಬ ಕ್ರಮವನ್ನು ಮಕ್ಕಳಿರುವ ಮನೆಗಳಲ್ಲಿ ನಿಯಮವಾಗಿಯೇ ಪಾಲಿಸಬೇಕು. ಬಿಸಿನೀರು ಹೊರಡುವ ಕೊಳವೆ ಸಾಧಾರಣ ಪಿವಿಸಿಯದಾಗಿದ್ದರೆ ಅದು ಮೆತ್ತಗಾಗಿ ಕೂಡುಗಳಲ್ಲಿ ಬಿಟ್ಟುಕೊಳ್ಳುತ್ತದೆ. ಅಲ್ಲಿ ಸಿಪಿವಿಸಿ ಅಥವಾ ಲೋಹದ ಕೊಳವೆಯೇ ಇರತಕ್ಕದ್ದು.

ಜ್ವಾಲೆಯ ಬಣ್ಣ

ತಿಂಗಳಿಗೊಮ್ಮೆಯಾದರೂ ಬಚ್ಚಲಿನ ದೀಪವನ್ನು ಆರಿಸಿ, ಗೀಸರಿನ ಮುಂಭಾಗದ ಪುಟ್ಟ ಕಿಂಡಿಯಿಂದ ಜ್ವಾಲೆಯನ್ನು ನೋಡುವ ಅಭ್ಯಾಸ ಒಳ್ಳೆಯದು. ಸಾಲಾಗಿ ನಿಂತ, ತುದಿ ಮೊನಚಾದ, ಅಲುಗಾಡದ ನೀಲಿ ನಾಲಗೆಗಳು ಕಂಡರೆ ದಹನ ಪೂರ್ಣವಾಗುತ್ತಿದೆಯೆಂದು ತಿಳಿಯಬಹುದು. ನಾಲಗೆಗಳು ಹಳದಿಯಾಗಿ ಉದ್ದಕ್ಕೆ ಬಾಗಿ ತೂಗುತ್ತಿದ್ದರೆ, ಅಥವಾ ಗೀಸರಿನ ಮೇಲ್ಭಾಗದ ಗೋಡೆಗೆ ಮಸಿ ಹತ್ತಿದ್ದರೆ, ಬರ್ನರಿಗೆ ತಕ್ಕಷ್ಟು ಗಾಳಿ ದೊರೆಯುತ್ತಿಲ್ಲ. ಬರ್ನರಿನ ರಂಧ್ರಗಳಲ್ಲಿ ಧೂಳು ಅಡಗಿರಬಹುದು, ಬಹುದಿನ ಉಪಯೋಗಿಸದೆ ಬಿಟ್ಟ ಗೀಸರಿನಲ್ಲಿ ಜೇಡ ಬಲೆ ಕಟ್ಟಿರಬಹುದು, ಇಲ್ಲವೇ ಕೋಣೆಯಲ್ಲಿಯೇ ಗಾಳಿ ಸಾಲದಿರಬಹುದು. ಕಾರಣ ಯಾವುದೇ ಆಗಲಿ, ಹಳದಿ ಜ್ವಾಲೆಯನ್ನು ಕಂಡಮೇಲೆ ಆ ಗೀಸರಿನಲ್ಲಿ ಇನ್ನೊಂದು ಸ್ನಾನ ಕೂಡದು. ಆದರೆ ಜ್ವಾಲೆ ನೀಲಿಯಾಗಿದೆಯೆಂಬ ಒಂದೇ ಕಾರಣದಿಂದ ಗಾಳಿ ಸಾಕಷ್ಟಿದೆಯೆಂದು ನಿಶ್ಚಿಂತರಾಗುವುದೂ ತಪ್ಪು.

ಬೆಂಗಳೂರಿನಂತಹ ನಗರಗಳಲ್ಲಿ ಕೊಳವೆಯ ಮೂಲಕ ನೈಸರ್ಗಿಕ ಅನಿಲ ಮನೆಗಳಿಗೆ ಬರತೊಡಗಿದೆ. ಸಿಲಿಂಡರಿನ ಅನಿಲಕ್ಕಾಗಿ ಮಾಡಿದ ಗೀಸರನ್ನು ಅದಕ್ಕೆ ಹಾಗೆಯೇ ಕೂಡಿಸಬಾರದು. ಎರಡು ಅನಿಲಗಳಿಗೂ ಬರ್ನರಿನ ಸೂಕ್ಷ್ಮರಂಧ್ರದ ಅಳತೆ ಬೇರೆ, ಒತ್ತಡವೂ ಬೇರೆ. ಅನಿಲ ಸರಬರಾಯಿ ಮಾಡುವ ಸಂಸ್ಥೆಯವರ ಒಪ್ಪಿಗೆಯಿಂದ ಅದಕ್ಕೆ ಹೊಂದುವ ಗೀಸರನ್ನೇ ತರಬೇಕು.

ಅನಿಲದ ವಾಸನೆ ಬಂದಾಗ

ಅಡಿಗೆ ಅನಿಲಕ್ಕೆ ಸ್ವತಃ ವಾಸನೆಯಿಲ್ಲ. ಸೋರಿಕೆ ತಿಳಿಯಲೆಂದೇ ಅದಕ್ಕೆ ದುರ್ಗಂಧದ ಮರ್ಕ್ಯಾಪ್ಟನ್ ಎಂಬ ವಸ್ತುವನ್ನು ಬೆರೆಸಿರುತ್ತಾರೆ. ಸಿಲಿಂಡರಿನ ಅನಿಲವು ಗಾಳಿಗಿಂತ ಒಂದೂವರೆ ಪಟ್ಟಿಗೂ ಹೆಚ್ಚು ಭಾರವಾದುದರಿಂದ ನೆಲದ ಮಟ್ಟದಲ್ಲಿಯೇ ಹರಡುತ್ತದೆ, ಗಾಳಿಯಲ್ಲಿ ನೂರಕ್ಕೆ ಎರಡರಷ್ಟು ಸೇರಿದರೂ ಒಂದು ಕಿಡಿಗೆ ಸ್ಫೋಟಿಸಬಲ್ಲುದು. ವಾಸನೆ ಬಂದೊಡನೆ ರೆಗ್ಯುಲೇಟರನ್ನು ಮುಚ್ಚಿ, ಬಾಗಿಲು ಕಿಟಕಿಗಳನ್ನು ತೆರೆದು, ಎಲ್ಲರನ್ನೂ ಹೊರಗೆ ಕರೆದೊಯ್ಯಬೇಕು. ದೀಪದ ಸ್ವಿಚ್ಚನ್ನು ಹಾಕುವುದಾಗಲಿ ಆರಿಸುವುದಾಗಲಿ, ಎಕ್ಸಾಸ್ಟ್ ಫ್ಯಾನನ್ನು ಚಾಲೂ ಮಾಡುವುದಾಗಲಿ, ನೆರೆಮನೆಯ ಕರೆಗಂಟೆಯನ್ನು ಒತ್ತುವುದಾಗಲಿ ಕೂಡದು. ಕಿಡಿಗೆ ಅಷ್ಟೇ ಸಾಕು. ಹೊರಗೆ ಬಂದಮೇಲೆ ಅನಿಲ ಸೋರಿಕೆಯ ಸಹಾಯವಾಣಿಯಾದ 1906ಕ್ಕೆ ದೂರವಾಣಿ ಮಾಡಬೇಕು.

ವಾಸನೆಯಿಲ್ಲದಾಗಲೂ ಆಗಾಗ್ಗೆ ಕೂಡುಗಳನ್ನು ಪರೀಕ್ಷಿಸುವುದುಂಟು. ಲೋಟದಲ್ಲಿ ಸೋಪಿನ ನೀರನ್ನು ನೊರೆ ಬರುವಂತೆ ಕಲಸಿ, ಹಿತ್ತಾಳೆಯ ನಟ್ಟಿನ ಸುತ್ತಲೂ, ಕೊಳವೆಯ ತುದಿಯಲ್ಲೂ ಬ್ರಷ್ಷಿನಿಂದ ಸವರಿ ಒಂದು ನಿಮಿಷ ನೋಡಬೇಕು. ಸೋರುವ ಕಡೆ ಒಂದೇ ಜಾಗದಲ್ಲಿ ಗುಳ್ಳೆ ಊದಿ, ಒಡೆದು, ಮತ್ತೆ ಊದುತ್ತದೆ. ಬೆಂಕಿಕಡ್ಡಿ ಗೀರಿ ಸೋರಿಕೆ ಹುಡುಕುವುದು ಪ್ರಾಣಾಂತಿಕವಾದ ಮೌಢ್ಯ. ಐಎಸ್‌ಐ ಗುರುತಿನ ಸುರಕ್ಷಾ ಕೊಳವೆಯನ್ನೇ ಉಪಯೋಗಿಸಿ, ಐದು ವರ್ಷಕ್ಕೊಮ್ಮೆ ಅದನ್ನು ಬದಲಾಯಿಸಬೇಕು. ಬಿರುಕು ಕಂಡರೆ ಅವಧಿಗೆ ಕಾಯಬೇಕಾದುದಿಲ್ಲ.

ಕಾಣದ ವಿಷ

ಈಗ ನಾಲ್ಕನೆಯದಾದ ಗಾಳಿಯ ವಿಚಾರಕ್ಕೆ ಬರೋಣ. ಆರು ಲೀಟರಿನ ಗೀಸರು ಹತ್ತು ನಿಮಿಷ ಉರಿದರೆ ಸುಮಾರು 160 ಗ್ರಾಂ ಅನಿಲ ಖರ್ಚಾಗುತ್ತದೆ. ಅಷ್ಟನ್ನು ಪೂರ್ಣವಾಗಿ ದಹಿಸಲು ಎರಡು ಘನಮೀಟರಿನಷ್ಟು ಗಾಳಿ ಬೇಕು. ಐದು ಅಡಿ ಅಗಲ, ಏಳು ಅಡಿ ಉದ್ದ, ಎಂಟು ಅಡಿ ಎತ್ತರದ ನಮ್ಮ ಸಾಮಾನ್ಯ ಬಚ್ಚಲಿನಲ್ಲಿರುವ ಗಾಳಿ ಒಟ್ಟು ಎಂಟು ಘನಮೀಟರು. ಚಳಿಯೆಂದು ಕಿಟಕಿಯನ್ನೂ ಬಾಗಿಲನ್ನೂ ಭದ್ರವಾಗಿ ಮುಚ್ಚಿದ್ದರೆ, ಒಬ್ಬರ ಸ್ನಾನ ಮುಗಿಯುವಷ್ಟರಲ್ಲಿ ನೂರಕ್ಕೆ 21 ಪಾಲಿದ್ದ ಆಮ್ಲಜನಕ 16ರ ಆಸುಪಾಸಿಗೆ ಇಳಿಯಬಹುದು. ಅದಕ್ಕೂ ಬಹಳ ಮುಂಚೆಯೇ ದಹನ ಅಪೂರ್ಣವಾಗಿ, ಅನಿಲದಲ್ಲಿರುವ ಇಂಗಾಲವು ಕಾರ್ಬನ್ ಮಾನಾಕ್ಸೈಡ್ ಎಂಬ ವಿಷವಾಯುವಾಗಿ ಪರಿಣಮಿಸತೊಡಗುತ್ತದೆ. ಎರಡನೆಯವರು, ಮೂರನೆಯವರು ಸಾಲಾಗಿ ಸ್ನಾನಕ್ಕೆ ಹೋಗುವ ಮನೆಗಳಲ್ಲಿ ಕೊನೆಯವರಿಗೆ ಉಳಿಯುವುದು ಈ ಗಾಳಿಯೇ.

ಈ ವಾಯುವಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಕಣ್ಣುರಿಸುವ ಗುಣವಿಲ್ಲ. ಫ್ರಾನ್ಸಿನ ಶರೀರವಿಜ್ಞಾನಿ ಕ್ಲಾಡ್ ಬರ್ನಾರ್ 1850ರ ದಶಕದಲ್ಲಿಯೇ ತೋರಿಸಿಕೊಟ್ಟಂತೆ, ಅದು ರಕ್ತದಲ್ಲಿ ಆಮ್ಲಜನಕದ ಸ್ಥಾನವನ್ನು ಆಕ್ರಮಿಸಿಕೊಳ್ಳುತ್ತದೆ. ಹೀಮೋಗ್ಲೋಬಿನ್ನಿನೊಡನೆ ಬೆಸೆದುಕೊಳ್ಳುವ ಅದರ ಶಕ್ತಿ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು. ಮೊದಲು ತಲೆನೋವು, ತಲೆ ತಿರುಗುವಿಕೆ, ಓಕರಿಕೆ, ಕಾಲುಗಳಲ್ಲಿ ಬಲವಿಲ್ಲದಂತಾಗುವುದು. ಅನಂತರ ಬಾಗಿಲ ಚಿಲಕ ತೆಗೆಯಬೇಕೆಂಬ ವಿವೇಚನೆಯೇ ಮಾಸಿಹೋಗಿ, ಮೂರ್ಛೆ, ಮರಣ. ಬಚ್ಚಲಿನಲ್ಲಿ ಅಪಸ್ಮಾರದಂತೆ ಸೆಳೆತ ಬಂದು ಬಿದ್ದವರನ್ನು ಪರೀಕ್ಷಿಸಿದ ನಮ್ಮ ದೇಶದ ವೈದ್ಯರು ಇದಕ್ಕೆ ಗ್ಯಾಸ್ ಗೀಸರ್ ಸಿಂಡ್ರೋಮ್ ಎಂಬ ಹೆಸರನ್ನೇ ಇಟ್ಟಿದ್ದಾರೆ. ಸ್ನಾನ ಮುಗಿಸಿ ಹೊರಬಂದವರಿಗೆ ಪ್ರತಿಸಲವೂ ತಲೆ ಭಾರವಾಗಿ, ಹಜಾರದಲ್ಲಿ ಸ್ವಲ್ಪ ಹೊತ್ತು ಕೂತರೆ ಹಗುರವಾಗುತ್ತಿದ್ದರೆ, ಅದನ್ನು ಪಿತ್ತವೆಂದೋ ಬಿಸಿನೀರಿನ ಬಳಲಿಕೆಯೆಂದೋ ತಳ್ಳಿಹಾಕದೆ, ಆ ದಿನವೇ ಗೀಸರನ್ನು ನಿಲ್ಲಿಸಬೇಕು.

ಒಳಗೆ ಹೋದವರು ಕರೆದರೆ ಓಗೊಡದಿದ್ದರೆ ಬಾಗಿಲನ್ನು ಒಡೆದಾದರೂ ತೆರೆದು, ಅವರನ್ನು ಮೊದಲು ಬಯಲಿನ ಗಾಳಿಗೆ ಎಳೆದುತಂದು, 108ಕ್ಕೆ ಕರೆಮಾಡಬೇಕು. ಉಸಿರು ನಿಂತಿದ್ದರೆ ಬಲ್ಲವರು ಕೃತಕ ಉಸಿರಾಟವನ್ನೂ ಎದೆಯೊತ್ತುವಿಕೆಯನ್ನೂ ಆರಂಭಿಸಬೇಕು. ಗ್ಯಾಸ್ ಗೀಸರಿದ್ದ ಬಚ್ಚಲೆಂಬುದನ್ನು ವೈದ್ಯರಿಗೆ ಮರೆಯದೆ ತಿಳಿಸಬೇಕು. ಏಕೆಂದರೆ ಬೆರಳಿಗೆ ಸಿಕ್ಕಿಸುವ ಸಾಮಾನ್ಯ ಆಕ್ಸಿಮೀಟರು ಈ ವಿಷವನ್ನೂ ಆಮ್ಲಜನಕವೆಂದೇ ಗಣಿಸಿ, ಎಲ್ಲವೂ ಸರಿಯಾಗಿದೆಯೆಂಬ ಅಂಕಿಯನ್ನು ತೋರಿಸಬಲ್ಲುದು. ಸಾಧಾರಣ ಗಾಳಿಯಲ್ಲಿ ರಕ್ತದೊಳಗಿನ ವಿಷ ಅರ್ಧಕ್ಕಿಳಿಯಲು ನಾಲ್ಕೈದು ಗಂಟೆ ಬೇಕು. ಆಸ್ಪತ್ರೆಯಲ್ಲಿ ಶುದ್ಧ ಆಮ್ಲಜನಕ ಕೊಟ್ಟರೆ ಒಂದೂವರೆ ಗಂಟೆಯ ಒಳಗೆ ಇಳಿಯುತ್ತದೆ. ಆದುದರಿಂದ ಎಚ್ಚರ ಬಂದರೂ ಆಸ್ಪತ್ರೆಗೆ ಕೊಂಡೊಯ್ಯುವುದು ಅವಶ್ಯಕ.

ಗೀಸರಿನ ಸ್ಥಾನ

ಇದಕ್ಕೆ ಶಾಶ್ವತವಾದ ಪರಿಹಾರ ಒಂದೇ: ಗೀಸರು ಬಚ್ಚಲಿನ ಹೊರಗಿರಬೇಕು. ಗಾಳಿಯಾಡುವ ಹಿತ್ತಿಲ ಗೋಡೆಯ ಮೇಲೋ, ಬಾಲ್ಕನಿಯಲ್ಲೋ, ಬಟ್ಟೆ ಒಗೆಯುವ ಯುಟಿಲಿಟಿಯಲ್ಲೋ ಮಳೆ ಬೀಳದಂತೆ ಅದನ್ನು ಕೂರಿಸಿ, ಬಿಸಿನೀರನ್ನು ಮಾತ್ರ ಕೊಳವೆಯ ಮೂಲಕ ಒಳಕ್ಕೆ ತರಬೇಕು. ಆ ಯುಟಿಲಿಟಿಗೆ ಮುಂದೊಂದು ದಿನ ಗಾಜನ್ನು ಹಾಕಿಸಿ ಮುಚ್ಚಿಬಿಟ್ಟರೆ ಅದೂ ಬಚ್ಚಲೇ ಆಯಿತೆಂಬುದನ್ನು ಫ್ಲಾಟುಗಳಲ್ಲಿರುವವರು ನೆನಪಿನಲ್ಲಿಡತಕ್ಕದ್ದು. ಬಚ್ಚಲಿನೊಳಗೆ ಎಕ್ಸಾಸ್ಟ್ ಫ್ಯಾನ್ ಇದೆಯೆಂಬ ಧೈರ್ಯವೂ ಸಾಲದು. ಹೊಸ ಗಾಳಿ ಒಳಬರಲು ದಾರಿಯಿಲ್ಲದ ಕೋಣೆಯಿಂದ ಫ್ಯಾನು ಏನನ್ನೂ ಹೊರಕ್ಕೆ ಸೆಳೆಯಲಾರದು. ಬದಲಾವಣೆಯಾಗುವ ತನಕ, ಬಾಗಿಲು ತೆರೆದಿಟ್ಟು ಬಕೆಟ್ಟುಗಳಲ್ಲಿ ಬಿಸಿನೀರು ತುಂಬಿಸಿಕೊಂಡು, ಗೀಸರನ್ನು ಆರಿಸಿ, ಕೋಣೆಯ ಗಾಳಿ ಬದಲಾದಮೇಲೆ ಸ್ನಾನಕ್ಕೆ ಹೋಗುವ ಪದ್ಧತಿಯನ್ನು ಮನೆಯ ಎಲ್ಲರೂ ಅನುಸರಿಸಲಿ.

ಕೊಳ್ಳುವಾಗ ಭಾರತೀಯ ಮಾನಕ ಸಂಸ್ಥೆಯ ಐಎಸ್ 15558ರ ಗುರುತನ್ನು ನೋಡಿ ಕೊಳ್ಳುವುದು, ಪ್ರತಿವರ್ಷ ಮಳೆಗಾಲ ಮುಗಿದು ಚಳಿ ಆರಂಭವಾಗುವ ಮುನ್ನ ಬರ್ನರನ್ನೂ ಜಾಲರಿಯನ್ನೂ ಶುಚಿಮಾಡಿಸಿ ಸೆಲ್ಲುಗಳನ್ನು ಬದಲಾಯಿಸುವುದು, ಇವೆರಡು ಪಾಲನೆಯಾದರೆ ಮೇಲೆ ಹೇಳಿದ ತೊಂದರೆಗಳಲ್ಲಿ ಹೆಚ್ಚಿನವು ಹತ್ತಿರ ಸುಳಿಯುವುದಿಲ್ಲ. ಬಚ್ಚಲಿನೊಳಗಲ್ಲದೆ ಬೇರೆಲ್ಲಿಯೂ ಸ್ಥಳವೇ ಇಲ್ಲದ ಮನೆಯವರು ವಿದ್ಯುತ್ತಿನದನ್ನೋ ಸೌರಶಕ್ತಿಯದನ್ನೋ ಆರಿಸಿಕೊಳ್ಳಲಿ. ಗ್ಯಾಸ್ ಗೀಸರಿನಿಂದ ತಿಂಗಳಿಗೆ ಉಳಿಯುವ ಹಣ, ಚಿಲಕ ಹಾಕಿದ ಬಾಗಿಲಿನ ಹಿಂದೆ ಒಂದು ಜೀವವನ್ನು ಪಣಕ್ಕಿಡುವಷ್ಟು ದೊಡ್ಡದಲ್ಲ.